ಗೋಡೆ ಅವರದು, ಮಾತು ನಮ್ಮದು

ನಮ್ಮ ಗೋಡೆ ಹಾಳೆಯನ್ನು ಹರಿದು ಹಾಕಿದ್ದಾರೆ.

ಬಂಗಾರಪೇಟೆಯ ಒಂದು ಹಾಸ್ಟೆಲ್ಲಿನಲ್ಲಿ, ಊಟದ ಹಾಲ್‌ಗೆ ಹೋಗುವ ದಾರಿಯ ಗೋಡೆಗೆ, ಹದಿನೈದು ದಿನಕ್ಕೊಂದು ಸಲ ನಾವು ಅಂಟಿಸುತ್ತಿದ್ದ ಹಾಳೆ ಅದು. ದೊಡ್ಡ ಪತ್ರಿಕೆಯೇನಲ್ಲ. ನಾಲ್ಕು ಬಿಳಿ ಹಾಳೆ, ಸ್ಕೆಚ್ ಪೆನ್ನಿನ ಅಕ್ಷರ, ಮೈದಾ ಹಿಟ್ಟಿನ ಅಂಟು. ಒಂದು ಕವನ, ಒಂದು ಲೇಖನ, ನಮ್ಮ ನಮ್ಮ ಊರಿನ ಕೇರಿಗಳಿಂದ ಬಂದ ಸುದ್ದಿ, ಕೊನೆಗೆ ಒಂದು ಪ್ರಶ್ನೆ. ಬರೆಯುವವರು ನಾವು. ಅಂದರೆ ಬಿ.ಎ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಅಲೆಯುತ್ತಿರುವ ಮೂರು ನಾಲ್ಕು ಜನ, ಮತ್ತು ಇನ್ನೂ ಆ ಹಾಸ್ಟೆಲ್ಲಿನಲ್ಲೇ ಓದುತ್ತಿರುವ ತಮ್ಮಂದಿರು.

ಹರಿಯೋದಕ್ಕೆ ಕಾರಣ ಕವನ ಅಲ್ಲ. ಇದನ್ನು ಕವಿಗಳಾದ ನಾವು ನಾಚಿಕೆಯಿಂದಲೇ ಹೇಳಬೇಕು. ಬೆಂಕಿ ಅಂತ ಬರೆದೆವು, ಬಿರುಗಾಳಿ ಅಂತ ಬರೆದೆವು, ಸಾವಿರ ವರ್ಷದ ಕತ್ತಲು ಅಂತ ಬರೆದೆವು. ಯಾರೂ ಕೇಳಲಿಲ್ಲ. 'ಹುಡುಗರು ಚೆನ್ನಾಗಿ ಬರೀತಾವ್ರೆ' ಅಂತ ತಲೆ ಸವರಿ ಹೋದರು. ಒಂದು ಸಲ ಮೊಟ್ಟೆಯ ಬಗ್ಗೆ ಬರೆದೆವು ನೋಡಿ, ಆವಾಗ ಬೆಂಕಿ ಬಿತ್ತು. ವಾರಕ್ಕೆ ಪುಸ್ತಕದಲ್ಲಿ ಬರೆಯುವ ಮೊಟ್ಟೆ ಎಷ್ಟು, ಹುಡುಗರ ತಟ್ಟೆಗೆ ಬೀಳುವ ಮೊಟ್ಟೆ ಎಷ್ಟು. ಪುಸ್ತಕದಲ್ಲಿ ಮೂರು, ತಟ್ಟೆಯಲ್ಲಿ ಒಂದು. ಇಷ್ಟೇ ಬರೆದಿದ್ದು. ಬೈಗುಳ ಇಲ್ಲ, ಹೆಸರಿಲ್ಲ, ಘೋಷಣೆ ಇಲ್ಲ. ಲೆಕ್ಕ ಅಷ್ಟೇ.

ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನಕ್ಕೆ ಚರಂಡಿಯಲ್ಲಿತ್ತು.

'ಲೆಕ್ಕ ಸುಳ್ಳು' ಅಂತ ಯಾರೂ ಹೇಳಲಿಲ್ಲ. ಇದನ್ನು ಗಮನಿಸಿ ಗೆಳೆಯರೇ. ಸುಳ್ಳಾಗಿದ್ದರೆ ಪುಸ್ತಕ ತಂದು ತೋರಿಸಬಹುದಿತ್ತು. ಅದರ ಬದಲು ಹೇಳಿದ್ದು ಮೂರು ಮಾತು. ಮೊದಲನೆಯದು: 'ಗೋಡೆ ಸರ್ಕಾರದ್ದು, ನಿಮ್ಮಪ್ಪಂದಲ್ಲ.' ಎರಡನೆಯದು: 'ಓದೋಕೆ ಬಂದಿದ್ದೀರಿ, ಓದಿ. ಇದೆಲ್ಲ ನಿಮಗ್ಯಾಕೆ?' ಮೂರನೆಯದನ್ನು ನಮಗೆ ಹೇಳಲಿಲ್ಲ. ನಮ್ಮಲ್ಲೊಬ್ಬ ತಮ್ಮನ ತಾಯಿಗೆ ಫೋನ್ ಮಾಡಿ ಹೇಳಿದರು: 'ನಿಮ್ಮ ಹುಡುಗ ಹಾಳಾಗ್ತಾವ್ನೆ. ಹಿಂಗೇ ಆದ್ರೆ ಸೀಟು ಹೋಗುತ್ತೆ.' ಆ ತಾಯಿ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದರು. ಮಗನ ಮುಂದೆ ಕೂತು ಅತ್ತರು. 'ನಿನಗೆ ಮೊಟ್ಟೆ ಬೇಕಾದ್ರೆ ನಾನು ತಂದ್ಕೊಡ್ತೀನಿ ಕಣಪ್ಪ, ಬರಿಯೋದು ಬಿಟ್ಬಿಡು' ಅಂದರು.

ಮಾತಿನ ಸ್ವಾತಂತ್ರ್ಯ ಅನ್ನೋದು ಪುಸ್ತಕದಲ್ಲಿ ಓದೋವಾಗ ಬಹಳ ಸುಲಭ. ಆ ತಾಯಿಯ ಮುಂದೆ ನಿಂತಾಗ ಅದರ ಬೆಲೆ ಏನು ಅಂತ ಗೊತ್ತಾಗುತ್ತೆ. ನಮ್ಮವರಿಗೆ ಮಾತಿನ ಬೆಲೆ ಅಂದರೆ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು, ಅಪ್ಪನ ಕೂಲಿ, ಅಮ್ಮನ ಕಣ್ಣೀರು. ಉಳ್ಳವನ ಮಗ ಮಾತಾಡಿದರೆ ಅದು ಅಭಿಪ್ರಾಯ. ನಾವು ಮಾತಾಡಿದರೆ ಅದು ಶಿಸ್ತುಭಂಗ.

ಆ ತಾಯಿಗೆ ನಾವೊಂದು ಮಾತು ಕೊಟ್ಟೆವು. ಸೀಟು ಇರುವ ತಮ್ಮಂದಿರ ಹೆಸರು ಇನ್ನು ಮೇಲೆ ಹಾಳೆಯಲ್ಲಿ ಇರಲ್ಲ, ಜವಾಬ್ದಾರಿ ಹೊರಗಿರುವ ನಮ್ಮದು ಅಂತ. ಆದರೆ ಹಾಳೆ ನಿಲ್ಲಲ್ಲ ಅಂತಲೂ ಹೇಳಿದೆವು. ಅವರು ಒಪ್ಪಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಎದ್ದು ಹೋದರು.

ಆಮೇಲೆ ಜಾಗ ಹುಡುಕೋಕೆ ಶುರು ಮಾಡಿದೆವು. ಬರೆಯೋದಕ್ಕೆ ಒಂದು ಕೋಣೆ ಬೇಕು, ಅಂಟಿಸೋದಕ್ಕೆ ಒಂದು ಗೋಡೆ ಬೇಕು. ಬಂಗಾರಪೇಟೆಯಲ್ಲಿ ಗೋಡೆಗಳಿಗೆ ಬರವಿಲ್ಲ. ಸಿನಿಮಾ ಪೋಸ್ಟರ್ ಅಂಟುತ್ತೆ, ಜಾತ್ರೆಯ ಪೋಸ್ಟರ್ ಅಂಟುತ್ತೆ, ಹುಟ್ಟುಹಬ್ಬದ ಶುಭಾಶಯ ಅಂಟುತ್ತೆ. ನಾಲ್ಕು ಬಿಳಿ ಹಾಳೆ ಮಾತ್ರ ಅಂಟಲ್ಲ. ಟೀ ಅಂಗಡಿಯವನು 'ಗಿರಾಕಿ ಕೆಡ್ತಾರೆ' ಅಂದ. ಜೆರಾಕ್ಸ್ ಅಂಗಡಿಯವನು ನಮ್ಮವನೇ. ಅವನು ತಲೆ ಬಗ್ಗಿಸಿ 'ಅಣ್ಣ, ಅಂಗಡಿ ಬಾಡಿಗೇದು, ಓನರ್‌ಗೆ ಗೊತ್ತಾದ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ' ಅಂದ. ಅವನ ಮೇಲೆ ನಮಗೆ ಕೋಪ ಇಲ್ಲ.

ಒಬ್ಬ ಮುಖಂಡರು ಮಾತ್ರ ಕರೆದು ಕೂರಿಸಿ ಕಾಫಿ ಕೊಟ್ಟರು. 'ರೂಮು ಕೊಡ್ತೀನಿ, ಪೇಪರ್ ಕೊಡ್ತೀನಿ, ಕಂಪ್ಯೂಟರೂ ಕೊಡಿಸ್ತೀನಿ. ನಂದೊಂದು ಫೋಟೋ ಇರ್ಲಿ. ಎಲೆಕ್ಷನ್ ಮುಗಿಯೋಗಂಟ ನಮ್ಮ ಪಾರ್ಟಿಯೋರ ಮೇಲೆ ಏನೂ ಬರೀಬೇಡಿ ಅಷ್ಟೆ' ಅಂದರು. ಸುಳ್ಳು ಹೇಳಲ್ಲ ಗೆಳೆಯರೇ, ನಮಗೆ ಆಸೆ ಆಯಿತು. ಒಂದು ರಾತ್ರಿ ಪೂರ್ತಿ ವಾದ ಮಾಡಿದೆವು. ಬೆಳಿಗ್ಗೆ ನಮಗೆ ಅನ್ನಿಸಿದ್ದು ಇಷ್ಟು: ಹಾಸ್ಟೆಲ್ಲಿನ ಗೋಡೆಯಿಂದ ಹಾಳೆಯನ್ನು ಹರಿದರು. ಈ ಗೋಡೆಯಲ್ಲಿ ಹರಿಯೋ ಕೆಲಸವನ್ನು ನಾವೇ ಮಾಡಬೇಕಾಗುತ್ತೆ, ಬರೆಯೋಕೆ ಮುಂಚೆಯೇ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು.

'ಗೋಡೆ ಯಾಕ್ರೋ, ಫೋನಿನಲ್ಲಿ ಹಾಕ್ರೋ' ಅಂದವರೂ ಇದ್ದಾರೆ. ಹಾಕುತ್ತೇವೆ, ಬೇಡ ಅನ್ನಲ್ಲ. ಆದರೆ ಅದೂ ಇನ್ನೊಬ್ಬನ ಗೋಡೆಯೇ. ಅಲ್ಲಿ ಬರೆದಿದ್ದಕ್ಕೇ ಎಷ್ಟೋ ಜನ ಜೈಲು ಕಂಡರು. ಹಾಗೆ ಹಿಡಿದು ಹಾಕಲು ಬಳಸುತ್ತಿದ್ದ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಆದರೂ ಹೆದರಿಕೆ ಹೋಗಿಲ್ಲ. ಅಲ್ಲದೆ ಅಡುಗೆಯ ಅಕ್ಕ ಗೋಡೆ ಹಾಳೆಯ ಮುಂದೆ ಸೌಟು ಹಿಡಿದು ನಿಂತು 'ಏನ್ ಬರ್ದವ್ರೆ, ಓದಪ್ಪ' ಅನ್ನುತ್ತಿದ್ದಳು. ಹತ್ತು ಜನ ನಿಂತು ಓದಿ ಜಗಳ ಆಡುತ್ತಿದ್ದರು. ಒಬ್ಬೊಬ್ಬನೇ ಮೂಲೆಯಲ್ಲಿ ಕೂತು ಓದಿದರೆ ಆ ಜಗಳ ಎಲ್ಲಿಂದ ಬರಬೇಕು?

ಕೊನೆಗೆ ಜಾಗ ಸಿಕ್ಕಿದ್ದು ಬಂಗಾರಪೇಟೆಯಲ್ಲಲ್ಲ. ಮಾರಿಕುಪ್ಪಂ ರೈಲು ಹತ್ತಿ, ಕೋರಮಂಡಲ್ ದಾಟಿ, ಊರಿಗಾಂ ದಾಟಿ, ಚಾಂಪಿಯನ್ ರೀಫ್ಸಿನಲ್ಲಿ ಇಳಿದ ಮೇಲೆ.

ಕೆ.ಜಿ.ಎಫ್. ನಿಮಗೆಲ್ಲ ಗೊತ್ತು. 1880ರಿಂದ ಜಾನ್ ಟೇಲರ್ ಕಂಪನಿ ಬಗೆದು ಚಿನ್ನ ತೆಗೆದ ನೆಲ. ನಮ್ಮ ದೇಶದ ಜನ ಸೀಮೆಎಣ್ಣೆ ದೀಪದಲ್ಲಿದ್ದಾಗ, 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಚಿನ್ನ ಲಂಡನ್ನಿಗೆ ಹೋಯಿತು, ದಿಲ್ಲಿಗೆ ಹೋಯಿತು. ಉಳಿದಿದ್ದು ಸಯನೈಡ್ ದಿಬ್ಬ, ಬೇಸಿಗೆ ಗಾಳಿಗೆ ಆ ದಿಬ್ಬದಿಂದ ಏಳುವ ಧೂಳು, ಲೈನ್ ಮನೆಗಳು, ಮತ್ತು ಬೆಳಗಿನ ಜಾವ ಬೆಂಗಳೂರು ರೈಲಿಗೆ ಓಡುವ ನಮ್ಮ ಜನ.

ಆ ಲೈನ್ ಮನೆಯೊಂದರಲ್ಲಿ ನಮ್ಮ ಗೆಳೆಯನೊಬ್ಬನ ತಾತ ಇದ್ದಾರೆ. ಗಣಿಯ ಒಳಗೆ ಇಳಿದು ದುಡಿದವರು. ಈಗ ನಾಲ್ಕು ಮಾತಾಡಿದರೆ ಎರಡು ಸಲ ಕೆಮ್ಮುತ್ತಾರೆ. ನಮ್ಮ ಕಥೆ ಎಲ್ಲ ಕೇಳಿದರು. ತಮಿಳು ಬೆರೆತ ಕನ್ನಡದಲ್ಲಿ ಅಂದರು: 'ತಂಬಿ, ಪತ್ರಿಕೆ ಓಡಿಸ್ಕೊಂಡು ಇಲ್ಲಿಗೆ ಬಂದೋರು ನೀವೇ ಮೊದಲಾ? ಇಲ್ಲ ತಂಬಿ. ನಮ್ಮಪ್ಪ ಇದ್ದಾಗ್ಲೇ ಮದ್ರಾಸ್ ಪೇಪರ್ ಒಂದು ಇಲ್ಲಿಗೆ ಬಂತು. ನಮ್ಮಪ್ಪಂಗೆ ಓದೋಕೆ ಬರ್ತಿರ್ಲಿಲ್ಲ. ಒಬ್ರು ಓದೋರು, ಲೈನ್ ಎಲ್ಲ ಕೂತ್ಕೊಂಡು ಕೇಳೋರು.' ಹಾಗಂತ ಮುಂದಿನ ಕೋಣೆಯ ಬೀಗದ ಕೈ ಕೊಟ್ಟರು.

ಆ ಮದ್ರಾಸ್ ಪೇಪರ್ ಯಾವುದು? ಬಿ.ಎ. ಓದಿದ ನಮಗೆ ಗೊತ್ತಿರಲಿಲ್ಲ. ನಮ್ಮ ಯಾವ ಪಠ್ಯದಲ್ಲೂ ಅದು ಇರಲಿಲ್ಲ. ಹುಡುಕಿದ ಮೇಲೆ ಗೊತ್ತಾಯಿತು. ನಿಮಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇವೆ.

ಪಂಡಿತ ಅಯೋತಿ ದಾಸರ್ ಅಂತ ಒಬ್ಬರಿದ್ದರು. 1845ರಲ್ಲಿ ಹುಟ್ಟಿದವರು. ಸಿದ್ಧ ವೈದ್ಯರು, ತಮಿಳು ಪಂಡಿತರು, ಅಸ್ಪೃಶ್ಯರು. 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧರಾದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡಿದ್ದು 1956ರಲ್ಲಿ. ಅದಕ್ಕಿಂತ ಐವತ್ತೆಂಟು ವರ್ಷ ಮುಂಚೆ! 1907ರ ಜೂನ್ 19ರಂದು ಮದರಾಸಿನ ರಾಯಪೇಟೆಯಿಂದ ಒಂದು ವಾರಪತ್ರಿಕೆ ಶುರು ಮಾಡಿದರು. ಬೆಲೆ ಒಂದು ಪೈಸೆ. ಹೆಸರೇ 'ಒರು ಪೈಸಾ ತಮಿಳನ್'. ಒಂದು ವರ್ಷ ಆದ ಮೇಲೆ ಬರೀ 'ತಮಿಳನ್' ಆಯಿತು. ನಾವು ಯಾರು, ನಮ್ಮನ್ನು ಕೀಳು ಅಂದವರು ಯಾರು, ಜನಗಣತಿಯಲ್ಲಿ ನಮ್ಮ ಹೆಸರು ಏನೆಂದು ಬರೆಸಬೇಕು, ಸ್ವದೇಶಿ ಸ್ವದೇಶಿ ಅನ್ನುವವರ ಸ್ವರಾಜ್ಯದಲ್ಲಿ ನಮಗೇನು ಜಾಗ, ಈ ಎಲ್ಲವನ್ನೂ ವಾರ ವಾರ ಬರೆದರು. ಆ ಪತ್ರಿಕೆಯ ಓದುಗರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಕೂಲಿಗಳೂ ಇದ್ದರು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿತ್ತು.

1914ರ ಮೇ 5ರಂದು ಅಯೋತಿ ದಾಸರ್ ತೀರಿಕೊಂಡರು. ಅವರ ಮಗ ಸ್ವಲ್ಪ ಕಾಲ ನಡೆಸಿದರು. ಆಮೇಲೆ ಪತ್ರಿಕೆ ನಿಂತಿತು. ಅಲ್ಲಿಗೆ ಮುಗಿಯಿತು ಅಂತ ಮದರಾಸಿನ ದೊಡ್ಡವರು ಅಂದುಕೊಂಡಿರಬೇಕು. 1926ರಲ್ಲಿ ಜಿ. ಅಪ್ಪಾದುರೈಯಾರ್ ಅದನ್ನು ಮತ್ತೆ ಎಬ್ಬಿಸಿದರು. ಎಲ್ಲಿಂದ? ರಾಯಪೇಟೆಯಿಂದಲ್ಲ, ಕೋಲಾರ ಚಿನ್ನದ ಗಣಿಯಿಂದ! 1930ರ ದಶಕದ ನಡುವಿನ ತನಕ ಅದು ಇಲ್ಲಿಂದಲೇ ಬಂತು. ಅಯೋತಿ ದಾಸರ ಬರಹಗಳನ್ನು ಸಣ್ಣ ಸಣ್ಣ ಪುಸ್ತಕ ಮಾಡಿ ಹಂಚಿದ ಸಿದ್ಧಾರ್ಥ ಪುಸ್ತಕಶಾಲೆ ಇದ್ದದ್ದು ಎಲ್ಲಿ ಗೊತ್ತಾ? ಇದೇ ಚಾಂಪಿಯನ್ ರೀಫ್ಸಿನಲ್ಲಿ.

ನೆನಪಿಡಿ, ಆಗ ಇಲ್ಲಿ ಮಾತಾಡೋದು ಸುಲಭ ಇರಲಿಲ್ಲ. ಗಣಿಯ ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಕಾವಲು ಕಂಪನಿಯದು. ಮೈಸೂರು ಸಂಸ್ಥಾನವನ್ನು ಮಾದರಿ ಸಂಸ್ಥಾನ ಅಂತ ಹೊಗಳುತ್ತಾರೆ. ಆ ಮಾದರಿ ಸಂಸ್ಥಾನವೇ 1908ರಲ್ಲಿ ವೃತ್ತಪತ್ರಿಕೆಗಳ ಕಾನೂನು ತಂದು, ಸರ್ಕಾರದ ಅಪ್ಪಣೆ ಇಲ್ಲದೆ ಯಾರೂ ಪತ್ರಿಕೆ ನಡೆಸಬಾರದು ಅಂದಿತು. 1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಕಂಪನಿ ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಮುಷ್ಕರ ಮಾಡಿದರು. ಕೂಲಿಯ ಬೆರಳು ಬೇಕು, ಕೂಲಿಯ ಮಾತು ಬೇಡ, ಇದು ಅವತ್ತಿನ ನೀತಿ. ಅಂಥ ಜಾಗದಲ್ಲಿ ಓದಲು ಬಾರದ ಕೂಲಿಗಳ ಕಾಸಿನಿಂದ ಒಂದು ಪತ್ರಿಕೆ ಬದುಕಿತು.

'ಅದು ತಮಿಳು ಪತ್ರಿಕೆ, ನಿಮಗೇನು ಸಂಬಂಧ' ಅಂತ ಕೇಳುವವರು ಇರಬಹುದು. ಉತ್ತರ ಆರ್ಕಾಟಿನಿಂದ, ಸೇಲಂನಿಂದ ಬಂದ ಹೊಲೆಯರ ಎದೆಗೂ ಕೋಲಾರದ ಕೇರಿಯಿಂದ ಹೋದ ಹೊಲೆ ಮಾದಿಗರ ಎದೆಗೂ ಒಂದೇ ಗಣಿಯ ಧೂಳು ಇಳಿಯಿತು. ಧೂಳು ಭಾಷೆ ಕೇಳಲಿಲ್ಲ. ನಾವೂ ಕೇಳಲ್ಲ.

ಇದರಿಂದ ನಾವು ಕಲಿತದ್ದು ಒಂದು. ನಮ್ಮ ಮಾತಿಗೆ ಸ್ವಂತ ಗೋಡೆ ಯಾವತ್ತೂ ಇರಲಿಲ್ಲ. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ ಹೋಗಿದೆ. ಹಾಗೆ ಹೋಗೋದು ಸೋಲಲ್ಲ.

1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆ ಅಂದರೂ 'ಕೇಸರಿ' ಹಾಕಲಿಲ್ಲ. ತಿಲಕರ ಕೇಸರಿ! ಸ್ವರಾಜ್ಯ ಕೇಳಿದ ಕೇಸರಿ! ಕೊಲ್ಲಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರಿಂದ ಪತ್ರಿಕೆ ನಿಂತುಕೊಂಡಿತು. ಅದು ನಿಂತು ಹೋದ ಮೇಲೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ಒಂದು ಮುಚ್ಚಿದರೆ ಇನ್ನೊಂದು. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣ ಓದಿ ಹೆದರಿತು. ಇಷ್ಟು ತೆಗೆಯಿರಿ, ಅಷ್ಟು ಬದಲಿಸಿ ಅಂತ ಕೇಳಿತು. ಅವರು ಒಂದು ಮಾತನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಬಾಬಾಸಾಹೇಬರು ಏನು ಮಾಡಿದರು? ತಮ್ಮದೇ ದುಡ್ಡಿನಲ್ಲಿ ಅಚ್ಚು ಹಾಕಿಸಿದರು. ಆ ವೇದಿಕೆ ಸಿಕ್ಕಿದ್ದರೆ ಒಂದು ಸಂಜೆ ಕೆಲವು ನೂರು ಜನ ಕೇಳುತ್ತಿದ್ದರೇನೋ. 'ಜಾತಿ ವಿನಾಶ'ವನ್ನು ಇವತ್ತೂ ಓದುತ್ತಿದ್ದೇವೆ.

ಸಂವಿಧಾನ ಬಂದ ಮೇಲೂ ಕಥೆ ಇದೇ. 19ನೇ ವಿಧಿ ನಮಗೆ ಮಾತಿನ ಸ್ವಾತಂತ್ರ್ಯ ಕೊಟ್ಟ ವರ್ಷವೇ, 1950ರಲ್ಲಿ, ರೊಮೇಶ್ ಥಾಪರರ 'ಕ್ರಾಸ್ ರೋಡ್ಸ್' ಪತ್ರಿಕೆ ತನ್ನ ರಾಜ್ಯದೊಳಗೆ ಬರಬಾರದು ಅಂತ ಮದರಾಸು ಸರ್ಕಾರ ತಡೆಯಿತು. ಪತ್ರಿಕೆ ಅಚ್ಚು ಹಾಕೋಕೆ ಬಿಟ್ಟು, ಹಂಚೋಕೆ ಬಿಡದಿದ್ದರೆ ಅದು ಸ್ವಾತಂತ್ರ್ಯವೇ ಅಲ್ಲ, ಹಂಚುವುದೂ ಮಾತಿನ ಹಕ್ಕಿನ ಒಳಗೇ ಬರುತ್ತೆ ಅಂತ ಸುಪ್ರೀಂ ಕೋರ್ಟು ಹೇಳಿತು. ಹಾಸ್ಟೆಲ್ ಹುಡುಗರು ಇದನ್ನು ಬಾಯಿಪಾಠ ಮಾಡಿಕೊಳ್ಳಿ. 'ಬರ್ಕೊಳ್ಳಿ, ಆದ್ರೆ ಇಲ್ಲಿ ಹಾಕ್ಬೇಡಿ, ಅಲ್ಲಿ ಹಂಚ್ಬೇಡಿ' ಅಂದವರಿಗೆ ಹೇಳಬೇಕಾದ ಮಾತು ಇದು.

ಇನ್ನೊಂದನ್ನೂ ಮುಚ್ಚಿಡಬಾರದು. ಮರು ವರ್ಷವೇ, 1951ರಲ್ಲಿ, ಮೊದಲನೇ ತಿದ್ದುಪಡಿ ತಂದು ಈ ಹಕ್ಕಿನ ಮೇಲಿನ ಕಡಿವಾಣ ಬಿಗಿ ಮಾಡಿದರು. ಕಾನೂನು ಮಂತ್ರಿಯಾಗಿ ಅದನ್ನು ಪಾರ್ಲಿಮೆಂಟಿನಲ್ಲಿ ಸಮರ್ಥಿಸಿದವರು ಬಾಬಾಸಾಹೇಬರೇ. ಯಾವ ಹಕ್ಕೂ ಮಿತಿ ಇಲ್ಲದ್ದಲ್ಲ ಅನ್ನುವುದು ಅವರ ನಿಲುವು. ಆದರೆ ಆ ತಿದ್ದುಪಡಿಯಲ್ಲೇ 'ಸಕಾರಣ' ಅನ್ನುವ ಮಾತೂ ಇದೆ. ಕಡಿವಾಣ ಹಾಕುವವನು ಕಾರಣ ಕೊಡಬೇಕು, ಕೋರ್ಟಿನ ಮುಂದೆ ನಿಲ್ಲಬೇಕು. ಮೊಟ್ಟೆ ಎಣಿಸಬಾರದು ಅನ್ನೋದಕ್ಕೆ ಯಾವ ಸಕಾರಣ ಇದೆ ಹೇಳಿ?

ನಮ್ಮ ಕನ್ನಡನಾಡಿನಲ್ಲೇ 1973ರ ನವೆಂಬರ್ ತಿಂಗಳಲ್ಲಿ ಏನಾಯಿತು? ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಪ್ಪದವರು ಏನು ಮಾಡಬೇಕಿತ್ತು? ಬೂಸಾ ಅಲ್ಲ, ಇಗೋ ಕಾಳು ಅಂತ ತೋರಿಸಬೇಕಿತ್ತು. ಮಾಡಿದ್ದೇನು? ಬೀದಿಗೆ ಇಳಿದರು. ಆ ಮಾತನ್ನು ಆಡದ, ಹಾಸ್ಟೆಲ್ಲಿನಲ್ಲಿ ಓದುತ್ತಾ ಕೂತಿದ್ದ ದಲಿತ ಹುಡುಗರನ್ನು ಹೊಡೆದರು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆದರೆ ಆ ಏಟು ತಿಂದ ಹಾಸ್ಟೆಲ್ ಹುಡುಗರೇ ಮುಂದೆ ಸ್ಟೆನ್ಸಿಲ್ ಕೊರೆದರು, ಸೈಕ್ಲೋಸ್ಟೈಲ್ ಮಾಡಿ ಮಸಿ ಬಡಿದುಕೊಂಡರು, ಹಾಡು ಕಟ್ಟಿದರು, ಚಳುವಳಿ ಕಟ್ಟಿದರು. ಒಂದು ಮಾತನ್ನು ಕಲ್ಲಿನಿಂದ ಹೊಡೆದರೆ ಅದು ಸಾವಿರ ಬಾಯಿಗೆ ಹರಡುತ್ತೆ.

ಇಷ್ಟೆಲ್ಲ ಬರೆದು ನಾವು ಎದೆ ಉಬ್ಬಿಸಿಕೊಂಡು ಕೂರಬಹುದಿತ್ತು. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ಹೇಳದೆ ಈ ಲೇಖನ ಮುಗಿಸಿದರೆ ನಾವೂ ಹಾಳೆ ಹರಿದವರ ಸಾಲಿನಲ್ಲೇ ನಿಲ್ಲಬೇಕಾಗುತ್ತೆ.

ಹಾಳೆ ಹರಿಯೋದಕ್ಕೆ ಒಂದೂವರೆ ತಿಂಗಳ ಮುಂಚೆ ಹೆಣ್ಣು ಮಕ್ಕಳ ಹಾಸ್ಟೆಲ್ಲಿನ ಒಬ್ಬ ತಂಗಿ ನಮಗೊಂದು ಪತ್ರ ಬರೆದು ಕಳಿಸಿದ್ದಳು. ಅದು ನಮ್ಮ ವಿರುದ್ಧವೇ ಬರೆದ ಪತ್ರ. 'ನಿಮ್ಮ ಸಭೆಗಳಲ್ಲಿ ಹಾಡೋಕೆ ನಾವು ಬೇಕು. ತಮಟೆ ಶುರುವಾಗಿ ಹಾಡು ಮುಗಿದ ಮೇಲೆ ಕೆಳಗೆ ಇಳಿದು ಕೂರಬೇಕು. ತೀರ್ಮಾನಕ್ಕೆ ಕೂರುವಾಗ ನಮ್ಮನ್ನು ಯಾರೂ ಕರೆಯಲ್ಲ. ಒಂದು ಸಲ ನಾನಾಗೇ ಎದ್ದು ಮಾತಾಡಿದೆ. ನಿಮ್ಮಲ್ಲೊಬ್ಬರು ನಕ್ಕರು. ಎಲ್ಲರೂ ನಕ್ಕಿರಿ' ಅಂತ ಇತ್ತು.

ನಾವು ಅದನ್ನು ಹಾಕಲಿಲ್ಲ. ಒಂದು ಸಲ 'ಜಾಗ ಇಲ್ಲ' ಅಂದೆವು. ಎರಡನೇ ಸಲ 'ಹೀಗೆಲ್ಲ ಹಾಕಿದ್ರೆ ಶತ್ರುಗಳ ಕೈಗೆ ಕೋಲು ಕೊಟ್ಟಂಗಾಗುತ್ತೆ, ನಮ್ಮ ನಮ್ಮಲ್ಲೇ ಮಾತಾಡ್ಕೊಳ್ಳೋಣ' ಅಂದೆವು. ಮೂರನೇ ಸಲಕ್ಕೆ ನಮ್ಮ ಹಾಳೆಯೇ ಚರಂಡಿ ಸೇರಿತು. ಆ ಸುದ್ದಿ ಕೇಳಿ ಅವಳು ಬಂದಳು. ಅಣಕಿಸೋಕೆ ಬರಲಿಲ್ಲ. ಚರಂಡಿಯಿಂದ ಎತ್ತಿಟ್ಟಿದ್ದ ತುಂಡುಗಳನ್ನು ನಮ್ಮ ಜೊತೆ ಕೂತು ಒಣಗಿಸಿದಳು. ಹೋಗುವಾಗ ಅಂದಳು: 'ಅಣ್ಣ, ನಮ್ಮ ಹಾಸ್ಟೆಲ್ಲಿನಲ್ಲೂ ಹಿಂಗೇ ಹೇಳ್ತಾರೆ. ಮನೆ ಮಾತು ಮನೇಲೇ ಇರ್ಲಿ, ಹೊರಗೆ ಹಾಕ್ಬೇಡಿ ಅಂತ. ನೀವೂ ಅದನ್ನೇ ಹೇಳಿದ್ರಿ.'

ನಮ್ಮಲ್ಲಿ ಯಾರೂ ತಲೆ ಎತ್ತಲಿಲ್ಲ.

ಮೇಲ್ಜಾತಿಯವನು ನಮ್ಮ ಬಾಯಿ ಮುಚ್ಚಿಸಿದರೆ ನಮಗೆ ಚೆನ್ನಾಗಿ ಕಾಣುತ್ತೆ. ನಾವು ನಮ್ಮ ತಂಗಿಯ ಬಾಯಿ ಮುಚ್ಚಿಸಿದ್ದು ಕಾಣಲಿಲ್ಲ. ಅಧಿಕಾರದವನಿಗೆ ಮೊಟ್ಟೆ ಲೆಕ್ಕ ಹೇಗೋ, ನಮಗೆ ಅವಳ ಪತ್ರ ಹಾಗೆ. ಅವಳು ಬರೆದದ್ದು ಸುಳ್ಳು ಅಂತ ನಾವೂ ಹೇಳಲಿಲ್ಲ ನೋಡಿ. ಜಾಗ ಇಲ್ಲ ಅಂದೆವು. ಗೋಡೆ ನಮ್ಮದು ಅಂದೆವು.

ಗೆಳೆಯರೇ, ನಮಗೆ ಇಷ್ಟವಾದ ಮಾತಿಗೆ ಸ್ವಾತಂತ್ರ್ಯ ಕೊಡೋಕೆ ಸಂವಿಧಾನವೇ ಬೇಕಿಲ್ಲ. ಅದನ್ನು ಯಾವ ಜಮೀನ್ದಾರನೂ ಕೊಡುತ್ತಾನೆ. ನಮ್ಮನ್ನೇ ಚುಚ್ಚುವ ಮಾತಿಗೆ ಜಾಗ ಕೊಟ್ಟಾಗಲೇ ಅದಕ್ಕೆ ಸ್ವಾತಂತ್ರ್ಯ ಅನ್ನುವ ಹೆಸರು.

ಇಲ್ಲಿ ಒಬ್ಬ ತಮ್ಮ ಎದ್ದು ಕೇಳಿದ: 'ಹಂಗಾದ್ರೆ ನಮ್ಮ ಜಾತಿ ಹಿಡಿದು ಬಯ್ಯೋನಿಗೂ ಸ್ವಾತಂತ್ರ್ಯ ಕೊಡ್ಬೇಕಾ?' ಒಳ್ಳೆಯ ಪ್ರಶ್ನೆ. ಇಲ್ಲ, ಕೊಡಬೇಕಿಲ್ಲ. ಒಂದು ಧರ್ಮಗ್ರಂಥ ಸರಿ ಇಲ್ಲ ಅನ್ನೋದು, ಒಬ್ಬ ಮುಖಂಡ ತಪ್ಪು ಮಾಡಿದ ಅನ್ನೋದು, ಒಂದು ಸಂಘಟನೆ ದಾರಿ ಬಿಟ್ಟಿದೆ ಅನ್ನೋದು, ಇವೆಲ್ಲ ಮಾತು. ಅದಕ್ಕೆ ಮಾತಿನಲ್ಲೇ ಉತ್ತರ ಕೊಡಬಹುದು. ಟೀ ಅಂಗಡಿಯ ಮುಂದೆ ಹತ್ತು ಜನರ ಎದುರಿಗೆ ಜಾತಿ ಹೆಸರು ಹಿಡಿದು ಬಯ್ಯೋದು ಮಾತಲ್ಲ, ಅದು ಏಟು. ಎದುರಿಗಿರುವವನು ಮತ್ತೆ ಬಾಯೇ ತೆರೆಯಬಾರದು ಅಂತ ಕೊಡುವ ಏಟು. ಅದಕ್ಕೇ 1989ರ ದೌರ್ಜನ್ಯ ತಡೆ ಕಾಯ್ದೆ ಅದನ್ನು ಅಪರಾಧ ಅಂದಿದೆ. ನಮ್ಮ ಅಳತೆಗೋಲು ಇಷ್ಟೇ: ಈ ಮಾತಿನಿಂದ ಎದುರಿಗಿರುವವನು ಉತ್ತರ ಕೊಡೋಕೆ ಆಗುತ್ತಾ, ಇಲ್ಲಾ ಅವನ ಬಾಯೇ ಕಟ್ಟಿ ಹೋಗುತ್ತಾ? ಆದರೆ ಈ ಅಳತೆಗೋಲನ್ನು ತಂಗಿಯ ಪತ್ರಕ್ಕೆ ಅಡ್ಡ ಹಿಡಿಯಬೇಡಿ. ನಮಗೆ ಮುಜುಗರ ಆಗಿದ್ದು ದೌರ್ಜನ್ಯ ಅಲ್ಲ.

ಹಾಳೆಯ ಹೊಸ ಮನೆ ಈಗ ಚಾಂಪಿಯನ್ ರೀಫ್ಸಿನ ಆ ಲೈನ್ ಮನೆ. ತಾತನಿಗೆ ಬಾಡಿಗೆ ಬೇಡ. 'ಸಂಜೆ ನನಗೊಂದು ಸಲ ಓದಿ ಹೇಳ್ಬೇಕು, ಅದೇ ಬಾಡಿಗೆ' ಅಂದಿದ್ದಾರೆ. ನಾವು ಕೂತು ಮಾಡಿಕೊಂಡ ಕರಾರು ಇವು:

ಮೊದಲ ಸಂಚಿಕೆಯ ಮೊದಲ ಪುಟದಲ್ಲಿ ತಂಗಿಯ ಪತ್ರ ಇರುತ್ತೆ, ಒಂದಕ್ಷರ ತೆಗೆಯದೆ. ಅದರ ಕೆಳಗೆ ನಮ್ಮ ಉತ್ತರ ಇರಲ್ಲ. ನಮ್ಮ ಉತ್ತರ ಸಭೆಯಲ್ಲಿ ಕಾಣಬೇಕು.

ಎರಡನೇ ಪುಟದಲ್ಲಿ ಮೊಟ್ಟೆ ಲೆಕ್ಕ ಮತ್ತೆ ಬರುತ್ತೆ. ಸುಳ್ಳು ಅನ್ನುವವರು ಪುಸ್ತಕ ತಂದರೆ ಅದನ್ನೂ ಹಾಕುತ್ತೇವೆ.

ಎಣಿಸದೆ ಬರೆಯೋ ಹಾಗಿಲ್ಲ. ಕೇಳಿದ್ದನ್ನು ಕಂಡಂತೆ ಬರೆಯೋ ಹಾಗಿಲ್ಲ. ನಮ್ಮ ಒಂದು ತಪ್ಪು ಅವರಿಗೆ ಹತ್ತು ವರ್ಷಕ್ಕೆ ಸಾಕು.

ಒಪ್ಪದವರಿಗೆ ಪ್ರತಿ ಸಂಚಿಕೆಯಲ್ಲೂ ಅರ್ಧ ಪುಟ ಖಾಲಿ ಬಿಡುತ್ತೇವೆ. ಯಾರೂ ಬರೆಯದಿದ್ದರೆ ಅದು ಖಾಲಿಯೇ ಇರುತ್ತೆ.

ಯಾವ ಪಕ್ಷದವರ ದುಡ್ಡೂ ಬೇಡ, ಫೋಟೋವೂ ಬೇಡ.

ಗೋಡೆ ಈಗ ಒಂದಲ್ಲ. ಹಾಳೆಯ ನಕಲು ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತೆ, ಅಲ್ಲಿಂದ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಮುಂದಕ್ಕೆ ಹೋಗುತ್ತೆ. ಒಬ್ಬರು ಓದಿದರೆ ಡಬ್ಬಿಯೆಲ್ಲ ಕೇಳಲಿ. ಓದಿದವರು ಇನ್ನೊಬ್ಬರಿಗೆ ಕೊಡಿ. ಹರಿದವರು ಎಷ್ಟು ಗೋಡೆ ಕಾಯ್ತಾರೆ?

ಹಾಸ್ಟೆಲ್ಲಿನ ತಮ್ಮಂದಿರೇ, ತಂಗಿಯರೇ, ನೀವು ಬರೆಯಿರಿ. ಕವನವೇ ಆಗಬೇಕಿಲ್ಲ. ನಿಮ್ಮ ಹಾಸ್ಟೆಲ್ಲಿನ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತೆ ಬರೆಯಿರಿ. ಸ್ಕಾಲರ್‌ಶಿಪ್ ಯಾವ ತಿಂಗಳು ಬರಬೇಕಿತ್ತು, ಯಾವ ತಿಂಗಳು ಬಂತು ಬರೆಯಿರಿ. ನಮ್ಮ ತಪ್ಪನ್ನೂ ಬರೆಯಿರಿ. ಹೆಸರು ಬೇಡ ಅಂದರೆ ಹಾಕಲ್ಲ, ನಿಮ್ಮ ಸೀಟು ನಮಗೆ ಮುಖ್ಯ. ದುಡ್ಡು ಕೊಡೋಕೆ ಆಗದವರು ಹತ್ತು ಬಿಳಿ ಹಾಳೆ ತಂದು ಕೊಡಿ.

ಬಸ್ಸು ಬದಲಿಸಿ ಬಂದ ಆ ತಾಯಿ ಮೊನ್ನೆ ಮಗನಿಗೆ ಫೋನ್ ಮಾಡಿದ್ದರಂತೆ. 'ಆ ಹಾಳೆ ಇನ್ನೂ ಬರ್ತದಾ?' ಅಂತ ಕೇಳಿದರಂತೆ. ಬರುತ್ತೆ ಅಂದನಂತೆ. 'ಬಂದ್ರೆ ಒಂದು ತಗೊಂಬಾ, ಇಲ್ಲಿ ನಮ್ಮ ಅಂಗನವಾಡಿ ಮೊಟ್ಟೆ ಲೆಕ್ಕಾನೂ ಐತೆ' ಅಂದರಂತೆ.

ಜೈ ಭೀಮ್.